ಕಲಾ ಸಂತೆಗೆ ಕಲ್ಲು ಒಯ್ಯುವ ಮೊದಲು ಅದರ ತೂಕ ನೋಡಿ

ಪ್ರಶ್ನೆ: ನಾನು ಹಳೇಬೀಡಿನ ಹತ್ತಿರದವನು. ಒಂದು ಶಿಲ್ಪಶಾಲೆಯಲ್ಲಿ ದೇವರ ವಿಗ್ರಹ ಕೆತ್ತುವ ಕೆಲಸ ಮಾಡುತ್ತೇನೆ. ಬಿಡುವಿನಲ್ಲಿ ಬಳಪದ ಕಲ್ಲಿನಲ್ಲಿ ನನ್ನದೇ ಕಲ್ಪನೆಯ ಏಳೆಂಟು ಶಿಲ್ಪ ಮಾಡಿಟ್ಟಿದ್ದೇನೆ, ಫೋಟೋ ಕಳಿಸಿದ್ದೇನೆ. ಚಿತ್ರಸಂತೆ, ಆರ್ಟ್ ಫೇರ್‌ಗಳಲ್ಲಿ ಇವನ್ನು ಮಾರಬಹುದು ಅಂತ ಸ್ನೇಹಿತರು ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? ಬೆಲೆ ಹೇಗೆ ಇಡಲಿ? ಹೊಯ್ಸಳ ಶೈಲಿಯ ಮದನಿಕೆಗಳನ್ನೇ ಮಾಡಿದರೆ ಬೇಗ ಹೋಗುತ್ತವಾ? ಶಾಲೆಯ ಕೆಲಸ ಬಿಟ್ಟು ಇದಕ್ಕೇ ನಿಂತುಬಿಡಲಾ?

ಉತ್ತರ: ಫೋಟೋಗಳನ್ನೆಲ್ಲ ನೋಡಿದೆ. ಕಾಫಿ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಕೂತ ಹೆಂಗಸಿನ ಶಿಲ್ಪ ನಿಜಕ್ಕೂ ತುಂಬಾ ಚೆನ್ನಾಗಿದೆ. ಬಾಗಿದ ಬೆನ್ನು, ತಲೆಗೆ ಸುತ್ತಿದ ಬಟ್ಟೆಯ ಗಂಟು, ಮಂಡಿಯ ಮೇಲೆ ಸುಸ್ತಾಗಿ ಬಿಟ್ಟ ಕೈ ನೋಡಿದರೆ ತೋಟದಲ್ಲಿ ಕಣ್ಣಾರೆ ಕಂಡು ಮಾಡಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಎತ್ತರ ಎರಡೂವರೆ ಅಡಿ ಅಂತ ಬರೆದಿದ್ದೀರಿ. ತೂಕ ಬರೆದಿಲ್ಲ. ಕಲಾ ಸಂತೆಗೆ ಹೊರಡುವ ಶಿಲ್ಪಿಯನ್ನು ನಾನು ಮೊದಲು ಕೇಳುವುದು ಅದನ್ನೇ. ಯಾವ ಸಂತೆಗೆ ಹೋಗಬೇಕು, ಯಾವ ಗಾಡಿ ಬೇಕು, ಎಷ್ಟು ಜನ ಬೇಕು, ಬೆಲೆ ಎಷ್ಟು, ಕೊಂಡವರು ಹೇಗೆ ಒಯ್ಯುತ್ತಾರೆ, ಇದೆಲ್ಲ ತೂಕದ ಮೇಲೆಯೇ ನಿಂತಿದೆ.

ಲೆಕ್ಕ ಸುಲಭ. ಬಳಪದ ಕಲ್ಲು ಒಂದು ಘನ ಅಡಿಗೆ ಸುಮಾರು 80 ಕೆ.ಜಿ. ತೂಗುತ್ತದೆ. ಗ್ರಾನೈಟ್ ಸುಮಾರು 75. ಎರಡೂವರೆ ಅಡಿ ಎತ್ತರ, ಒಂದೂಕಾಲು ಅಡಿ ಅಗಲ, ಒಂದು ಅಡಿ ದಪ್ಪದ ದಿಮ್ಮಿ ಅಂದರೆ 250 ಕೆ.ಜಿ. ಆಯಿತು. ಕೆತ್ತಿ ಮುಗಿಸಿದ ಮೇಲೂ ನಿಮ್ಮ ಆ ಹೆಂಗಸು 140-150 ಕೆ.ಜಿ. ಇದ್ದೇ ಇರುತ್ತಾಳೆ. ಅದನ್ನು ಎತ್ತಲು ನಾಲ್ಕು ಜನ ಬೇಕು. ಪಕ್ಕದ ಸ್ಟಾಲಿನ ಚಿತ್ರಕಾರ ತನ್ನ ಇಡೀ ಪ್ರದರ್ಶನವನ್ನು ಒಂದು ಕಾರಿನ ಹಿಂದಿನ ಸೀಟಿನಲ್ಲಿ ತಂದಿರುತ್ತಾನೆ. ನೀವು ಒಂದೇ ಒಂದು ಶಿಲ್ಪಕ್ಕೆ ಟೆಂಪೋ ಮಾಡಿಸಿಕೊಂಡು ಬಂದಿರುತ್ತೀರಿ. ಬೆಂಗಳೂರಿನ ಫ್ಲ್ಯಾಟ್‌ನಲ್ಲಿರುವ ದಂಪತಿ ಬಂದು ನೋಡಿ, ಇಷ್ಟಪಟ್ಟು, ಮುಟ್ಟಿ, ಬೆಲೆಯನ್ನೂ ಒಪ್ಪಿಕೊಂಡು, ಕೊನೆಗೆ "ಇದನ್ನು ಏಳನೇ ಮಹಡಿಗೆ ಹೇಗೆ ಒಯ್ಯೋದು?" ಅಂತ ಕೇಳುತ್ತಾರೆ. ವಾಸದ ಮನೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಭಾರದ ಲೆಕ್ಕ ಹಿಡಿದು ಕಟ್ಟುತ್ತಾರೆ, ಹಾಗಾಗಿ ಒಂದು ಮೂಲೆಯಲ್ಲಿಟ್ಟರೆ ನೆಲಕ್ಕೇನೂ ಆಗುವುದಿಲ್ಲ. ಆದರೆ ಅವರ ಭಯ ನಿಜವಾದದ್ದು. ಅಲ್ಲಿಗೆ ವ್ಯಾಪಾರ ನಿಂತುಹೋಗುತ್ತದೆ.

ಅದಕ್ಕೆ ನನ್ನ ಸಲಹೆ ಇಷ್ಟು. ಮೊದಲ ಸಂತೆಗೆ ಆ ದೊಡ್ಡ ಶಿಲ್ಪದ ಜೊತೆ, ಒಬ್ಬ ಮನುಷ್ಯ ಎರಡು ಕೈಯಲ್ಲಿ ಎತ್ತಿಕೊಂಡು ಕಾರಿನವರೆಗೆ ನಡೆಯಬಹುದಾದ ಕೆಲಸಗಳನ್ನು ಮಾಡಿ. 12 ಇಂಚು ಎತ್ತರ, 8 ಇಂಚು ಅಗಲ, 6 ಇಂಚು ದಪ್ಪದ ದಿಮ್ಮಿ ತೆಗೆದುಕೊಂಡರೆ ಅದು ಸುಮಾರು 27 ಕೆ.ಜಿ., ಕೆತ್ತಿದ ಮೇಲೆ ಹದಿನೈದರ ಆಸುಪಾಸು. ಅಂಥವು ಐದಾರು ಇರಲಿ. ಅದಕ್ಕಿಂತ ಚಿಕ್ಕವು, ಅಂಗೈ ಅಗಲದವು, ಎರಡು ಮೂರು ಕೆ.ಜಿ. ತೂಗುವವು, ಇನ್ನೊಂದು ಆರು. ದೊಡ್ಡದು ಒಂದೇ ಸಾಕು. ಅದು ಜನರನ್ನು ನಿಲ್ಲಿಸುತ್ತದೆ, ಚಿಕ್ಕವು ಅವರ ಜೊತೆ ಮನೆಗೆ ಹೋಗುತ್ತವೆ. ಆದರೆ ಚಿಕ್ಕವನ್ನು ದೊಡ್ಡದರ ನಕಲು ಮಾಡಬೇಡಿ. ಆ ಕೂತ ಹೆಂಗಸಿನ ಕೈಯನ್ನಷ್ಟೇ ಮಾಡಿ, ಬುಟ್ಟಿಯನ್ನಷ್ಟೇ ಮಾಡಿ, ಕಂಬಳಿ ಹೊದ್ದ ಬೆನ್ನನ್ನಷ್ಟೇ ಮಾಡಿ. ಎಲ್ಲವೂ ಒಂದೇ ಕೈಯಿಂದ, ಒಂದೇ ತೋಟದಿಂದ ಬಂದಿವೆ ಅಂತ ದೂರದಿಂದಲೇ ಕಾಣಬೇಕು. ಒಂದು ಗಣಪತಿ, ಒಂದು ಬುದ್ಧ, ಒಂದು ಕುದುರೆ ಮುಖ, ಒಂದು ಅಮೂರ್ತ ಅಂತ ಎಲ್ಲವನ್ನೂ ಬೆರೆಸಿ ಇಟ್ಟರೆ ಅಂಗಡಿ ಥರ ಕಾಣುತ್ತದೆ. ಜನ ಅಂಗಡಿಯಲ್ಲಿ ಚೌಕಾಸಿ ಮಾಡುವ ಹಾಗೆಯೇ ಮಾಡುತ್ತಾರೆ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ನಿಮಗೆ ಹತ್ತಿರದ, ಸರಿಯಾದ ಜಾಗ ಬೆಂಗಳೂರಿನ ಚಿತ್ರಸಂತೆಯೇ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿದೆ. ಜನವರಿಯ ಒಂದು ಭಾನುವಾರ, ಸಾಮಾನ್ಯವಾಗಿ ಮೊದಲನೆಯದು, ಕುಮಾರಕೃಪಾ ರಸ್ತೆಯ ಎರಡೂ ಬದಿಗೆ ಕಲಾವಿದರು ಕೂರುತ್ತಾರೆ. ದೇಶದ ಬೇರೆ ಬೇರೆ ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಜನ ಬರುತ್ತಾರೆ. ನೋಡುವವರಿಗೆ ಟಿಕೆಟ್ ಇಲ್ಲ. ಮಧ್ಯದಲ್ಲಿ ಗ್ಯಾಲರಿಯವರು ಯಾರೂ ಇಲ್ಲ, ಕೊಳ್ಳುವವರು ನೇರವಾಗಿ ನಿಮ್ಮ ಹತ್ತಿರವೇ ಮಾತಾಡುತ್ತಾರೆ. ಬರುವ ಬಹುತೇಕರು ಚಿತ್ರ ಕೊಳ್ಳಲು ಬಂದಿರುತ್ತಾರೆ ನಿಜ, ಆದರೆ ಶಿಲ್ಪ ಕಡಿಮೆ ಇರುವುದರಿಂದಲೇ ಒಳ್ಳೆಯ ಶಿಲ್ಪ ಎದ್ದು ಕಾಣುತ್ತದೆ. ಅರ್ಜಿ ತಿಂಗಳುಗಳ ಮೊದಲೇ ಹಾಕಬೇಕು, ಡಿಸೆಂಬರ್ ಕೊನೆಗೆ ಎಚ್ಚೆತ್ತರೆ ಆಗುವುದಿಲ್ಲ. ಈ ವರ್ಷವೇ ಹಾಕಲು ಆಗದಿದ್ದರೆ ಕಲ್ಲಿಲ್ಲದೆ ಸುಮ್ನೆ ಒಮ್ಮೆ ಹೋಗಿ ಬನ್ನಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಶಿಲ್ಪ ಇಟ್ಟವರ ಹತ್ತಿರವೇ ನಿಂತು, ಯಾರು ಬರುತ್ತಾರೆ, ಏನು ಕೇಳುತ್ತಾರೆ, ಯಾವ ಗಾತ್ರದ್ದು ಎದ್ದು ಹೋಗುತ್ತದೆ ನೋಡಿ.

ಅದಾದ ಮೇಲೆ ಬೇರೆ ಬಾಗಿಲುಗಳಿವೆ. ಇಂಡಿಯಾ ಆರ್ಟ್ ಫೆಸ್ಟಿವಲ್ ಅನ್ನುವುದು ಗ್ಯಾಲರಿಗಳ ಜೊತೆಗೆ ಸ್ವತಂತ್ರ ಕಲಾವಿದರಿಗೂ ಸ್ಟಾಲ್ ಕೊಡುತ್ತದೆ. ಮುಂಬೈಯಲ್ಲಿ 2011ರಲ್ಲಿ ಶುರುವಾಯಿತು, ಬೆಂಗಳೂರಿನಲ್ಲೂ ನಡೆದಿದೆ. ಅಲ್ಲಿ ಹಾಲ್, ಗೋಡೆ, ಲೈಟು ಎಲ್ಲ ಇರುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕಂತೆ ಜಾಸ್ತಿ. ಸಂತೆಯಲ್ಲಿ ನಿಮ್ಮ ಕೆಲಸ ಹೋಗುತ್ತದೆ ಅಂತ ಗೊತ್ತಾದ ಮೇಲೆ ಅದನ್ನು ಯೋಚಿಸಿ. ದೆಹಲಿಯ ಇಂಡಿಯಾ ಆರ್ಟ್ ಫೇರ್ ವಿಷಯ ಬೇರೆ. 2008ರಲ್ಲಿ ಇಂಡಿಯಾ ಆರ್ಟ್ ಸಮ್ಮಿಟ್ ಅಂತ ಶುರುವಾದ ಅದು ಮುಖ್ಯವಾಗಿ ಗ್ಯಾಲರಿಗಳ ಮೇಳ. ಅಲ್ಲಿಗೆ ಶಿಲ್ಪಿ ಒಂದು ಗ್ಯಾಲರಿಯ ಮೂಲಕ ಹೋಗುತ್ತಾನೆ. ಕೇರಳದ ದೊಡ್ಡ ಕಲಾ ಪ್ರದರ್ಶನವಾದ ಕೊಚ್ಚಿ ಬಿನಾಲೆ ಮಾರಾಟದ ಜಾಗವೇ ಅಲ್ಲ, ಆದರೆ ಒಮ್ಮೆ ಹೋಗಿ ನೋಡಲೇಬೇಕು.

ಕರಕುಶಲ ಮೇಳಗಳೂ ಇವೆ. ಮೈಸೂರಿನ ಅರ್ಬನ್ ಹಾತ್, ಗಾಂಧಿ ಶಿಲ್ಪ ಬಜಾರ್, ಹರಿಯಾಣದ ಸೂರಜ್‌ಕುಂಡ್ ಮೇಳ, ಹೀಗೆ. ಅಲ್ಲೆಲ್ಲ ಕೇಂದ್ರದ ಕರಕುಶಲ ಇಲಾಖೆಯ ಪೆಹಚಾನ್ ಗುರುತಿನ ಚೀಟಿ ಇದ್ದರೆ ಅನುಕೂಲ, ಮಾಡಿಸಿಟ್ಟುಕೊಳ್ಳಿ. ಹಾಗೆಯೇ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿ, ಕಲ್ಲುಕುಟಿಗ ಇಬ್ಬರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿ, ಮೊದಲು 1 ಲಕ್ಷ ಆಮೇಲೆ 2 ಲಕ್ಷದವರೆಗೆ 5% ಬಡ್ಡಿಯ ಸಾಲ. ಒಳ್ಳೆಯ ಗ್ರೈಂಡರ್, ಕಾರ್ಬೈಡ್ ಮೊನೆಯ ಉಳಿ ಕೊಳ್ಳಲು ಆ ಉಪಕರಣದ ಹಣ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಮಾತು. ಕರಕುಶಲ ಮೇಳದಲ್ಲಿ ನಿಮ್ಮ ಪಕ್ಕದ ಸ್ಟಾಲಿನಲ್ಲಿ ಅಚ್ಚಿನಿಂದ ತೆಗೆದ ಬುದ್ಧನ ತಲೆ 400 ರೂಪಾಯಿಗೆ ಇರುತ್ತದೆ. ಅದನ್ನು ನೋಡಿ ಬಂದವರಿಗೆ ನಿಮ್ಮ 15,000ದ ಕೆಲಸ ದುಬಾರಿ ಅನ್ನಿಸದೆ ಇರುವುದಿಲ್ಲ. ಅಲ್ಲಿಗೆ ಚಿಕ್ಕವನ್ನು ಮಾತ್ರ ಒಯ್ಯಿರಿ, ಮುಖ್ಯ ಕೆಲಸಗಳನ್ನು ಅಲ್ಲಿ ಇಡಬೇಡಿ.

ಇನ್ನೊಂದು ಮಾರುಕಟ್ಟೆ ನಮ್ಮ ಊರಲ್ಲೇ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಸುತ್ತ ಎಷ್ಟು ಹೋಂಸ್ಟೇ, ರೆಸಾರ್ಟ್, ಎಸ್ಟೇಟ್ ಬಂಗಲೆ ಇವೆ ಅಲ್ವಾ? ಅವರಿಗೆ ಅಂಗಳಕ್ಕೆ ಏನಾದರೂ ಬೇಕೇ ಬೇಕು, ಮತ್ತು ಅವರಿಗೆ ತೂಕದ ಭಯ ಇಲ್ಲ. ಆಳಿದ್ದಾರೆ, ಪಿಕಪ್ ಇದೆ. ನಿಮ್ಮ 150 ಕೆ.ಜಿ.ಯ ಹೆಂಗಸಿಗೆ ಸರಿಯಾದ ಮನೆ ಅಂಥ ಅಂಗಳವೇ. ಅಲ್ಲಿಗೆ ಬರುವ ಬೆಂಗಳೂರಿನ ಅತಿಥಿಗಳು ದಿನವಿಡೀ ಅದನ್ನು ನೋಡುತ್ತಾರೆ. ಕೆಳಗೆ ನಿಮ್ಮ ಹೆಸರಿನ ಪಟ್ಟಿ ಇರಲಿ ಅಂತ ಕೊಡುವಾಗಲೇ ಮಾತಾಡಿಕೊಳ್ಳಿ. ಹೊರಗೆ ಮಳೆಗೆ ಇಡುವುದಾದರೆ ಮುಂಚೆಯೇ ಹೇಳಿಬಿಡಿ: ಮಲೆನಾಡಿನ ಮಳೆಯಲ್ಲಿ ಎರಡೇ ಮಳೆಗಾಲಕ್ಕೆ ಪಾಚಿ ಹಿಡಿಯುತ್ತದೆ, ಪಾಲಿಶ್ ಉಳಿಯುವುದಿಲ್ಲ. ಅದು ಬೇಡ ಅನ್ನುವವರಿಗೆ ಸೂರಿನ ಕೆಳಗೆ ಇಡಲು ಹೇಳಿ, ಇಲ್ಲವೇ ಗ್ರಾನೈಟ್‌ನಲ್ಲಿ ಮಾಡಿಕೊಡಿ.

ಮದನಿಕೆಗಳ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಹೊಯ್ಸಳ ಅಂದರೆ ಜನರಿಗೆ ಆಸಕ್ತಿ ಬಂದಿದೆ ನಿಜ. ದರ್ಪಣ ಸುಂದರಿಯ ಪ್ರತಿ ಮಾಡಿದರೆ ಬೇಗ ಹೋಗುತ್ತದೆ, ಅದೂ ನಿಜ. ಆದರೆ ಅದಕ್ಕೆ ಬೆಲೆ ಇಡುವವರು ನೀವಲ್ಲ. ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಅಷ್ಟೇ ಎತ್ತರದ್ದು ಎಷ್ಟಕ್ಕೆ ಸಿಗುತ್ತದೋ ಅದೇ ಬೆಲೆ. ನೀವು ಎರಡರಷ್ಟು ಚೆನ್ನಾಗಿ ಕೆತ್ತಿದ್ದೀರಿ ಅಂತ ಗುರುತಿಸುವ ಕಣ್ಣು ನೂರರಲ್ಲಿ ಇಬ್ಬರಿಗೆ ಇರಬಹುದು. ಕಲಾ ಸಂತೆಗೆ ಬರುವವರು ಬೇರೆಲ್ಲೂ ಸಿಗದ್ದನ್ನು ಹುಡುಕಿಕೊಂಡು ಬಂದಿರುತ್ತಾರೆ.

ಒಮ್ಮೆ ಬೇಲೂರಿಗೆ ಹೋದಾಗ ಮದನಿಕೆಗಳ ಪೀಠದ ಹತ್ತಿರ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ ದೇವಾಲಯ 1196ರದ್ದು, ಅಲ್ಲಿ ಕೆಲಸ ಮಾಡಿದ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಇಂಥವನು ಇದನ್ನು ಮಾಡಿದ ಅಂತ ಹೇಳಿಕೊಳ್ಳುವ ಅಭ್ಯಾಸ ಈ ಜಿಲ್ಲೆಗಳ ಕಲ್ಲಿಗೆ 900 ವರ್ಷಗಳಿಂದ ಇದೆ. ನಿಮಗೆ ಆ ಕೈಚಳಕ ಶಾಲೆಯಲ್ಲಿ ಸಿಕ್ಕಿದೆ. ಆಭರಣದ ಹಿಂದೆ ಟೊಳ್ಳು ಮಾಡಿ ನೆರಳು ತರಿಸುವುದು, ಬಳ್ಳಿಯನ್ನು ಹಿನ್ನೆಲೆಯಿಂದ ಬಿಡಿಸಿ ನಿಲ್ಲಿಸುವುದು, ಇವನ್ನೆಲ್ಲ ಕಾಲೇಜಿನಲ್ಲಿ ಕಲಿತ ಎಷ್ಟೋ ಜನಕ್ಕೆ ಮಾಡಲು ಬರುವುದಿಲ್ಲ. ಅದನ್ನು ಆ ಬುಟ್ಟಿಯ ಹೆಣಿಗೆಯಲ್ಲಿ ತೋರಿಸಿ, ಕಂಬಳಿಯ ಮಡಿಕೆಯಲ್ಲಿ ತೋರಿಸಿ. ಮತ್ತು ಪ್ರತಿ ಕೆಲಸದ ತಳದಲ್ಲಿ ನಿಮ್ಮ ಹೆಸರು, ಇಸವಿ ಕೆತ್ತಿ. ಮಾರ್ಕರ್‌ನಲ್ಲಿ ಬರೆಯಬೇಡಿ.

ಆ ಇಸವಿಗೆ ಇನ್ನೊಂದು ಉಪಯೋಗ ಇದೆ. ನೂರು ವರ್ಷಕ್ಕಿಂತ ಹಳೆಯ ಶಿಲ್ಪವನ್ನು 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹೊಯ್ಸಳ ಶೈಲಿಯ, ಎಣ್ಣೆ ಹಚ್ಚಿ ಕಪ್ಪಾದ ಹೊಸ ಶಿಲ್ಪವನ್ನು ಅಮೆರಿಕದಲ್ಲಿರುವ ಮಗಳಿಗೆ ಒಯ್ಯಲು ಹೊರಟವರನ್ನು ವಿಮಾನ ನಿಲ್ದಾಣದಲ್ಲಿ ಅನುಮಾನದಿಂದ ನಿಲ್ಲಿಸಬಹುದು. ಇದು ಪ್ರಾಚ್ಯವಸ್ತು ಅಲ್ಲ ಅಂತ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆಯುವ ದಾರಿ ಇದೆ, ಆದರೆ ಅದಕ್ಕೆ ಸಮಯ ಬೇಕು. ಹಾಗಾಗಿ ಹೊರದೇಶಕ್ಕೆ ಅಂದ ತಕ್ಷಣ ಇದನ್ನು ಕೊಂಡವರಿಗೆ ಮೊದಲೇ ತಿಳಿಸಿ. ಜೊತೆಗೆ ಬಿಲ್ಲು, ಶಿಲ್ಪದ ಫೋಟೋ, ಕೆತ್ತುತ್ತಿರುವಾಗ ತೆಗೆದ ಒಂದೆರಡು ಫೋಟೋ, ಇಷ್ಟು ಕೊಟ್ಟರೆ ಅವರಿಗೆ ದೊಡ್ಡ ಸಹಾಯ. ಪೆಟ್ಟಿಗೆಯಲ್ಲಿ ಕಳಿಸುವುದಾದರೆ ಮರ ಶಾಖ ಸಂಸ್ಕರಣೆ ಆಗಿ, ಮರದಲ್ಲಿ ಹುಳ ಇಲ್ಲ ಅಂತ ತೋರಿಸುವ ಅಂತರರಾಷ್ಟ್ರೀಯ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮಾಮೂಲಿ ಸಿಲ್ವರ್ ಓಕ್ ಹಲಗೆ ಪೆಟ್ಟಿಗೆ ನಡೆಯುವುದಿಲ್ಲ.

ಬೆಲೆ. ಎಲ್ಲರೂ ಎಡವುವುದು ಇಲ್ಲಿಯೇ, ಅದೂ ಕಡಿಮೆ ಇಟ್ಟು. ಒಂದು ಉದಾಹರಣೆ ಹಿಡಿಯೋಣ. ಹದಿನೈದು ಕೆ.ಜಿ.ಯ ಒಂದು ಶಿಲ್ಪಕ್ಕೆ 10 ದಿನ ಹಿಡಿಯಿತು ಅನ್ನಿ. ನಿಮ್ಮ ದಿನದ ಕೂಲಿ 1,500 ಅಂತ ಇಟ್ಟರೆ 15,000. ಕಲ್ಲು, ಡೈಮಂಡ್ ಬ್ಲೇಡು, ಕರೆಂಟು, ಪಾಲಿಶ್ ಕಾಗದ 2,500. ಗಾಡಿ, ಸ್ಟಾಲು, ಊಟ, ಜೊತೆಗೆ ಬಂದವನ ಖರ್ಚು ಎಲ್ಲ ಸೇರಿ ಸಂತೆಗೆ 18,000 ಆಗಿ, ನೀವು ಹನ್ನೆರಡು ಶಿಲ್ಪ ಒಯ್ದಿದ್ದರೆ ತಲಾ 1,500. ಅಲ್ಲಿಗೆ 19,000 ಆಯಿತು. ಇಷ್ಟಕ್ಕೆ ಮಾರಿದರೆ ನೀವು ಬರೀ ಕೂಲಿ ಪಡೆದ ಹಾಗಾಯಿತು, ಅದೂ ಹನ್ನೆರಡೂ ಮಾರಾಟವಾದರೆ ಮಾತ್ರ. ಹನ್ನೆರಡರಲ್ಲಿ ಮೂರೋ ನಾಲ್ಕೋ ಹೋದರೆ ಅದು ಒಳ್ಳೆಯ ದಿನ ಅನ್ನುವ ಲೆಕ್ಕದಲ್ಲೇ ಹೊರಡಿ. ಹಾಗಾಗಿ ಈ ಶಿಲ್ಪಕ್ಕೆ 32,000ದಿಂದ 38,000ದ ನಡುವೆ ಇಡಿ ಅಂತ ನಾನು ಹೇಳುತ್ತೇನೆ. ಮುಂದೆ ಗ್ಯಾಲರಿಯವರು ಬಂದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಮಿಷನ್ ಕೇಳುತ್ತಾರೆ. ಸಂತೆಯಲ್ಲಿ 20,000ಕ್ಕೆ ಕೊಟ್ಟದ್ದನ್ನು ಗ್ಯಾಲರಿಯಲ್ಲಿ 40,000ಕ್ಕೆ ಇಡಲು ಯಾವ ಗ್ಯಾಲರಿಯೂ ಒಪ್ಪುವುದಿಲ್ಲ. ಊರಲ್ಲಿ ಒಂದು ಬೆಲೆ, ಬೆಂಗಳೂರಲ್ಲಿ ಒಂದು ಬೆಲೆ ಅಂತಲೂ ಮಾಡಬೇಡಿ. ಕೊಂಡವರು ಹಾಸನಕ್ಕೆ ಬಂದೇ ಬರುತ್ತಾರೆ, ಬೇಲೂರು ಇಲ್ಲೇ ಇದೆಯಲ್ಲ.

ಬೆಲೆಯನ್ನು ಚೀಟಿಯಲ್ಲಿ ಬರೆದು ಪಕ್ಕದಲ್ಲೇ ಇಡಿ. ಹೆಸರು, ಕಲ್ಲು, ಅಳತೆ, ತೂಕ, ಇಸವಿ, ಬೆಲೆ. ತೂಕ ಬರೆಯುವುದನ್ನು ಮರೆಯಬೇಡಿ, ಎಷ್ಟೋ ಜನ "ಅಯ್ಯೋ ಹದಿನಾಲ್ಕೇ ಕೆ.ಜಿ.ನಾ" ಅಂತ ಅಲ್ಲೇ ಮನಸ್ಸು ಮಾಡುತ್ತಾರೆ. ಬೆಲೆ ಬರೆಯದಿದ್ದರೆ ಮುಜುಗರದಲ್ಲಿ ಕೇಳದೇ ಮುಂದೆ ಹೋಗುವವರೇ ಜಾಸ್ತಿ. "ಸ್ವಲ್ಪ ಕಡಿಮೆ ಮಾಡ್ಕೊಡಿ" ಅಂತ ಕೇಳಿಯೇ ಕೇಳುತ್ತಾರೆ, ಅದಕ್ಕೆ ಬೇಸರ ಬೇಡ. ಎರಡು ತೆಗೆದುಕೊಂಡರೆ ನೂರಕ್ಕೆ ಹತ್ತು ಬಿಡಿ, ಇಲ್ಲವೇ ಮನೆಗೆ ತಲುಪಿಸುವ ಖರ್ಚು ನೀವೇ ಹಾಕಿಕೊಳ್ಳಿ. ಬೆಲೆ ಇಳಿಸುವುದಕ್ಕಿಂತ ತೂಕದ ಚಿಂತೆ ಇಳಿಸಿದರೆ ವ್ಯಾಪಾರ ಬೇಗ ಮುಗಿಯುತ್ತದೆ. ದೊಡ್ಡದಕ್ಕೆ ಕಂತಿನಲ್ಲಿ ಕೊಡುತ್ತೇನೆ ಅಂದರೆ ಒಪ್ಪಿಕೊಳ್ಳಿ, ಆದರೆ ಪೂರ್ತಿ ಹಣ ಬಂದ ಮೇಲೆಯೇ ಶಿಲ್ಪ ಹೊರಡಲಿ. ಯುಪಿಐ ಮಿತಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ, ಅದಕ್ಕಿಂತ ದೊಡ್ಡ ವ್ಯಾಪಾರಕ್ಕೆ ಬ್ಯಾಂಕ್ ಖಾತೆ ವಿವರ ಬರೆದಿಟ್ಟುಕೊಂಡಿರಿ. ಒಂದೇ ವ್ಯಾಪಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ.

ತೆರಿಗೆ ಬಗ್ಗೆ ಈಗ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮೂಲ ಶಿಲ್ಪಗಳ ಮೇಲಿದ್ದ 12% ತೆರಿಗೆ 2025ರ ಸೆಪ್ಟೆಂಬರ್ 22ರಿಂದ 5%ಗೆ ಇಳಿದಿದೆ. ಬೇರೆ ರಾಜ್ಯದ ಮೇಳಕ್ಕೆ ಹೋಗಿ ಮಾರುವಾಗ ನಿಯಮ ಬೇರೆ, ಕರಕುಶಲ ವಸ್ತುಗಳಿಗೆ ಕೆಲವು ವಿನಾಯಿತಿಗಳೂ ಇವೆ, ಹೊರಡುವ ಮೊದಲು ಹಾಸನದಲ್ಲೇ ಒಬ್ಬ ಆಡಿಟರ್ ಹತ್ತಿರ ಕೂತು ಮಾತಾಡಿ. ನೋಂದಣಿ ಇಲ್ಲದಿದ್ದರೂ ಬಿಲ್ ಪುಸ್ತಕ ಇರಲಿ. ಬಿಲ್ಲಿನಲ್ಲಿ ಒಂದು ಸಾಲು ಸೇರಿಸಿ: ಶಿಲ್ಪ ಮಾರಿದರೂ ಅದರ ಕೃತಿಸ್ವಾಮ್ಯ ಶಿಲ್ಪಿಯದ್ದೇ. 1957ರ ಕಾಯ್ದೆ ಹಾಗೇ ಹೇಳುತ್ತದೆ. ಯಾರೋ ನಿಮ್ಮ ಹೆಂಗಸನ್ನು ಕೊಂಡು, ಅಚ್ಚು ತೆಗೆದು, ಫೈಬರ್‌ನಲ್ಲಿ ನೂರು ಮಾಡಿ ಮಾರುವಂತಿಲ್ಲ ಅಂತ ಅವರಿಗೂ ಗೊತ್ತಿರಬೇಕು.

ಸಾಗಿಸುವುದರ ಬಗ್ಗೆ ನಿಮಗೆ ನಾನು ಹೇಳಬೇಕಾದ್ದು ಕಡಿಮೆ, ವಿಗ್ರಹಗಳನ್ನು ನೀವು ದಿನಾ ಕಳಿಸುತ್ತಿರುತ್ತೀರಿ. ಆದರೆ ವಿಗ್ರಹ ಒಮ್ಮೆ ಹೋಗಿ ಗುಡಿಯಲ್ಲಿ ಕೂರುತ್ತದೆ. ಸಂತೆಯ ಶಿಲ್ಪ ಹೋಗಿ, ಇಳಿದು, ಮತ್ತೆ ಏರಿ, ವಾಪಸ್ ಬರುತ್ತದೆ. ಹಾಗಾಗಿ ಒಂದೊಂದಕ್ಕೂ ಅದರದೇ ಪೆಟ್ಟಿಗೆ ಬೇಕು, ಫೋಮ್ ಹಾಳೆಯನ್ನು ಆಯಾ ಶಿಲ್ಪದ ಆಕಾರಕ್ಕೇ ಕೊಯ್ದು ಕೂರಿಸಬೇಕು. ಬತ್ತದ ಹುಲ್ಲು ದಿಮ್ಮಿಗೆ ಸಾಕು, ಬೆರಳಿರುವ ಶಿಲ್ಪಕ್ಕೆ ಸಾಲದು. ಬಳಪದ ಕಲ್ಲು ಎಷ್ಟು ಮೆದು ಅಂತ ನಿಮಗೇ ಗೊತ್ತು, ಪೆಟ್ಟಿಗೆಯೊಳಗೆ ಒಂದು ಮೊಳೆ ತುದಿ ಹೊರಗೆ ಬಂದಿದ್ದರೂ ಹಾಸನದಿಂದ ಬೆಂಗಳೂರಿನವರೆಗಿನ 185 ಕಿ.ಮೀ.ನಲ್ಲಿ ಕೆನ್ನೆ ಮೇಲೆ ಗೀರು ಬಿದ್ದಿರುತ್ತದೆ. ಚಿಕ್ಕ ಉಳಿ, ನೀರು ಹಾಕಿ ಉಜ್ಜುವ ಪಾಲಿಶ್ ಕಾಗದ, ಮೇಣ ಜೊತೆಗೇ ಇಟ್ಟುಕೊಳ್ಳಿ.

ಮರದಲ್ಲೂ ಮಾಡುತ್ತೇನೆ ಅಂತ ಕೊನೆಯಲ್ಲಿ ಬರೆದಿದ್ದೀರಿ. ಕಾಫಿ ಬೊಡ್ಡೆಯ ಕೆಲಸ ಹಗುರ, ಸಂತೆಗೆ ಚೆನ್ನ. ಚೆನ್ನಾಗಿ ಒಣಗಿರಲಿ. ನಮ್ಮ ತೇವದಲ್ಲಿ ಕೆತ್ತಿದ ಹಸಿ ಮರ ದೆಹಲಿಯ ಒಣ ಗಾಳಿಗೆ ಹೋದರೆ ಸೀಳುತ್ತದೆ. ಬೀಟೆ, ಗಂಧ ಮುಟ್ಟುವುದಾದರೆ ಅರಣ್ಯ ಇಲಾಖೆಯ ಕಾಗದ ಇಲ್ಲದೆ ಮುಟ್ಟಬೇಡಿ.

ಈಗ ಸ್ಟಾಲ್ ಹೇಗಿರಬೇಕು ಅನ್ನುವುದು. ಶಿಲ್ಪವನ್ನು ಯಾವತ್ತೂ ನೆಲದ ಮೇಲೆ, ಮಡಚುವ ಟೇಬಲ್ ಮೇಲೆ ಇಡಬೇಡಿ. ಟೇಬಲ್ ಒಂದು ಕಾಲು ಮಡಚಿದರೆ ಎಲ್ಲ ಮುಗಿಯಿತು. ಪ್ಲೈವುಡ್ಡಿನಲ್ಲಿ ಮೂರು ಅಡಿ ಎತ್ತರದ, ತಳದ ಕಡೆ ಅಗಲವಿರುವ ಡಬ್ಬದಂಥ ಪೀಠ ಮಾಡಿಸಿ. ಒಂದರೊಳಗೆ ಒಂದು ಕೂರುವ ಹಾಗೆ ಮೂರು ಅಳತೆಯಲ್ಲಿ ಮಾಡಿಸಿದರೆ ಗಾಡಿಯಲ್ಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಹೋದ ಮೇಲೆ ಪೀಠದ ತಳಕ್ಕೆ 20 ಕೆ.ಜಿ. ಮರಳಿನ ಚೀಲ ಇಳಿಸಿ. ಚಿತ್ರಸಂತೆಯ ಜನಸಂದಣಿಯಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡವರು ತಿರುಗಿದರೆ ಸಾಕು, ಪೀಠ ಅಲ್ಲಾಡುತ್ತದೆ. ರಸ್ತೆ ಅಂದ ಮೇಲೆ ಇಳಿಜಾರು ಇದ್ದೇ ಇರುತ್ತದೆ, ಮರದ ಬೆಣೆಗಳನ್ನು ಒಂದು ಚೀಲ ತುಂಬ ಒಯ್ಯಿರಿ. ಚಿಕ್ಕ ಶಿಲ್ಪಗಳ ತಳಕ್ಕೆ ಮೇಣದ ಉಂಡೆ ಒತ್ತಿ ಕೂರಿಸಿ.

ಬೆಳಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಶಿಲ್ಪಕ್ಕೆ ಅದೇ ಪ್ರಾಣ. ಜನವರಿಯ ಬೆಳಗಿನ ಬಿಸಿಲು ಓರೆಯಾಗಿ ಬೀಳುತ್ತದೆ, ಆಗ ಕಲ್ಲಿನ ಮೇಲಿನ ಪ್ರತಿ ಉಳಿ ಗೆರೆ ಎದ್ದು ಕಾಣುತ್ತದೆ. ಮಧ್ಯಾಹ್ನ ನೆತ್ತಿಯ ಬಿಸಿಲಿಗೆ ಮುಖದ ಕಣ್ಣು ಗುಳಿಗಳೆಲ್ಲ ಕಪ್ಪಾಗಿ, ಉಳಿದದ್ದು ಚಪ್ಪಟೆಯಾಗುತ್ತದೆ. ಅದಕ್ಕೆ ಮೇಲೆ ತೆಳು ಬಿಳಿ ಬಟ್ಟೆ ಕಟ್ಟಿ, ಹಿಂದೆ ತಿಳಿ ಬೂದು ಬಟ್ಟೆ ಇಳಿಬಿಡಿ. ಅಚ್ಚ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಕಲ್ಲು ಬರೀ ನೆರಳಿನ ಹಾಗೆ ಕಾಣುತ್ತದೆ. ಹಾಲ್‌ನೊಳಗಿನ ಮೇಳವಾದರೆ ಎದುರಿನಿಂದ ಲೈಟ್ ಹಾಕಿಸಬೇಡಿ, ಪಕ್ಕದ ಮೇಲ್ಗಡೆಯಿಂದ ಒಂದೇ ಒಂದು ಬೆಚ್ಚಗಿನ ಬೆಳಕು ಸಾಕು. ಎಣ್ಣೆ ಹಚ್ಚಿ ಮಿರುಗಿಸಿ ಒಯ್ಯಬೇಡಿ. ಕೊಬ್ಬರಿ ಎಣ್ಣೆ ಹಚ್ಚಿದ ಕಲ್ಲಿಗೆ ರಸ್ತೆಯ ಧೂಳು ಮೆತ್ತುತ್ತದೆ, ಮುಟ್ಟಿದವರ ಕೈಯೂ ಜಿಡ್ಡಾಗುತ್ತದೆ. ಮೇಣ ಉಜ್ಜಿ ಬಟ್ಟೆಯಲ್ಲಿ ತಿಕ್ಕಿದರೆ ಸಾಕು. ಎಲ್ಲವನ್ನೂ ಕಪ್ಪು ಮಾಡದೆ, ಒಂದೆರಡರಲ್ಲಿ ಉಳಿ ಏಟಿನ ಬೂದು ಬಣ್ಣದ ಒರಟು ಭಾಗ ಹಾಗೇ ಬಿಡಿ. ಇದು ಕಲ್ಲೋ ಫೈಬರೋ ಅನ್ನುವ ಅನುಮಾನಕ್ಕೆ ಅದೇ ಉತ್ತರ ಹೇಳುತ್ತದೆ.

ಮುಟ್ಟಬೇಡಿ ಅನ್ನುವ ಬೋರ್ಡ್ ದಯವಿಟ್ಟು ಬೇಡ. ಮುಟ್ಟಿ ನೋಡಿ ಅಂತ ನೀವೇ ಕರೆಯಿರಿ. ಬಳಪದ ಕಲ್ಲಿನ ನುಣುಪು ಕೈಗೆ ತಾಗಿದವರು ಇನ್ನೆರಡು ನಿಮಿಷ ನಿಲ್ಲುತ್ತಾರೆ. "ಇದು ಯಾವ ದೇವರು?" ಅಂತ ಕೇಳುವವರಿಗೆ ನಗುನಗುತ್ತಾ ಆ ಹೆಂಗಸು ಯಾರು, ಎಲ್ಲಿ ಕೂತಿದ್ದಾಳೆ, ಬುಟ್ಟಿಯಲ್ಲಿ ಏನಿದೆ ಹೇಳಿ. "ಎಷ್ಟು ದಿನ ಹಿಡೀತು?" ಅಂದವರಿಗೆ ಅರ್ಧ ಕೆತ್ತಿದ ಒಂದು ಕಲ್ಲು, ಉಳಿ, ಸುತ್ತಿಗೆ ತೋರಿಸಿ. ಆಗಾಗ ನಾಲ್ಕು ಏಟು ಹೊಡೆಯಿರಿ, ಆ ಸದ್ದಿಗೆ ಮಕ್ಕಳು ಬರುತ್ತಾರೆ, ಹಿಂದೆ ಅಪ್ಪ ಅಮ್ಮ ಬರುತ್ತಾರೆ. ಗ್ರೈಂಡರ್ ಮಾತ್ರ ಬೇಡ. ಜೊತೆಗೆ ಒಬ್ಬರು ಇರಲೇಬೇಕು, ಊಟಕ್ಕೂ ಎದ್ದು ಹೋಗದೆ ದಿನವಿಡೀ ಒಬ್ಬರೇ ನಿಲ್ಲಲು ಆಗುವುದಿಲ್ಲ.

ಒಂದು ಪುಸ್ತಕ ಇಟ್ಟುಕೊಳ್ಳಿ. ಐದು ನಿಮಿಷಕ್ಕಿಂತ ಹೆಚ್ಚು ನಿಂತವರ ಹೆಸರು, ಫೋನ್ ನಂಬರ್, ಯಾವ ಶಿಲ್ಪವನ್ನು ನೋಡಿದರು, ಮನೆಯೋ ಆಫೀಸೋ, ಬರೆದುಕೊಳ್ಳಿ. ಕಲ್ಲಿನ ಶಿಲ್ಪವನ್ನು ಜನ ಸೀರೆ ಕೊಂಡಷ್ಟು ಬೇಗ ಕೊಳ್ಳುವುದಿಲ್ಲ. ಮನೆಗೆ ಹೋಗಿ, ಜಾಗ ಅಳೆದು, ಮನೆಯವರ ಹತ್ತಿರ ಮಾತಾಡಿ, ಎರಡು ತಿಂಗಳಾದ ಮೇಲೆ ಫೋನ್ ಮಾಡುತ್ತಾರೆ. ಸಂತೆ ಮುಗಿದ ವಾರದಲ್ಲೇ ನೀವು ಅವರಿಗೆ ಆ ಶಿಲ್ಪದ ಫೋಟೋ, ಅಳತೆ, ತೂಕ ಕಳಿಸಿ. ಫೋಟೋವನ್ನು ನಮ್ಮ ಮೋಡದ ದಿನದಲ್ಲಿ ಹೊರಗೆ ತೆಗೆಯಿರಿ, ಕಲ್ಲಿಗೆ ಅದಕ್ಕಿಂತ ಒಳ್ಳೆಯ ಬೆಳಕು ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಒಂದು ಫೋಟೋದಲ್ಲಿ ಪಕ್ಕಕ್ಕೆ ಮನುಷ್ಯರ ಕೈ ಇರಲಿ, ಗಾತ್ರ ಗೊತ್ತಾಗಲಿ. ಮುಂದಿನ ಸಂತೆಯ ಅರ್ಜಿಗೂ ಇವೇ ಫೋಟೋ ಬೇಕಾಗುತ್ತವೆ. ಇದೇ ಥರ ದೊಡ್ಡದು ಮಾಡಿಕೊಡಿ ಅಂತ ಕೇಳುವವರೂ ಬರುತ್ತಾರೆ. ಒಪ್ಪುವಾಗ ಮೊದಲು ಮಣ್ಣಿನ ಚಿಕ್ಕ ಮಾದರಿ ತೋರಿಸಿ, ಅರ್ಧ ಹಣ ಮುಂಗಡ ತೆಗೆದುಕೊಂಡೇ ದಿಮ್ಮಿ ತರಿಸಿ. ಸಾಗಣೆ ಯಾರದ್ದು, ಕೂರಿಸುವುದು ಯಾರದ್ದು, ಎಲ್ಲ ಕಾಗದದಲ್ಲಿರಲಿ.

ಕೊನೆಯ ಪ್ರಶ್ನೆ, ಶಾಲೆಯ ಕೆಲಸ ಬಿಡುವುದು. ಈಗ ಬೇಡ. ಅಲ್ಲಿಯ ಕೂಲಿ ಇದ್ದರೆ ನಿಮ್ಮ ಶಿಲ್ಪದ ಬೆಲೆಯಲ್ಲಿ ನೀವು ಗಟ್ಟಿಯಾಗಿ ನಿಲ್ಲಬಹುದು. ಇಲ್ಲದಿದ್ದರೆ ಸಂತೆಯ ದಿನ ಸಂಜೆ ಐದು ಗಂಟೆಗೆ, ವಾಪಸ್ ಗಾಡಿಗೆ ಏರಿಸುವ ತೂಕ ನೆನೆದು, ಬಂದಷ್ಟಕ್ಕೆ ಕೊಟ್ಟುಬಿಡುತ್ತೀರಿ. ಶಾಲೆಯ ಯಜಮಾನರಿಗೆ ಈಗಲೇ ಎಲ್ಲ ತಿಳಿಸಿ, ವಾರಕ್ಕೆ ಎರಡು ದಿನ ನಿಮ್ಮ ಕೆಲಸಕ್ಕೆ ಬಿಡಿಸಿಕೊಳ್ಳಿ. ಅಲ್ಲಿ ಉಳಿಯುವ ತುಂಡು ಕಲ್ಲುಗಳನ್ನು ದುಡ್ಡು ಕೊಟ್ಟು ಕೊಳ್ಳಿ, ಚಿಕ್ಕ ಶಿಲ್ಪಗಳಿಗೆ ಅವೇ ಸಾಕು. ಎರಡು ವರ್ಷ ಸತತವಾಗಿ, ಸಂತೆಯ ಮಾರಾಟ ಮತ್ತು ಅದರಿಂದ ಬಂದ ಆರ್ಡರ್‌ಗಳು ಸೇರಿ ನಿಮ್ಮ ವರ್ಷದ ಕೂಲಿಯನ್ನು ದಾಟಿದರೆ ಆಗ ಯೋಚಿಸಿ. ಸದ್ಯಕ್ಕೆ ಈ ವಾರ ಮಾಡಬೇಕಾದ್ದು ಒಂದೇ. ಗುಜರಿ ಅಂಗಡಿಯ ತಕ್ಕಡಿ ತಂದು ಆ ಏಳೆಂಟು ಶಿಲ್ಪಗಳನ್ನೂ ತೂಗಿ, ಅಳತೆ ಬರೆದು ನನಗೆ ಕಳಿಸಿ. ಯಾವುದನ್ನು ಒಯ್ಯಬೇಕು, ಯಾವುದನ್ನು ಎಸ್ಟೇಟಿನವರಿಗೆ ತೋರಿಸಬೇಕು ಅಂತ ಆಮೇಲೆ ಒಂದೊಂದಾಗಿ ನೋಡೋಣ.